ಮೂರು ಡಾಲರ್ ಗ್ಯಾಸ್ ಪೀಣ್ಯಕ್ಕೆ ಬರುವಷ್ಟರಲ್ಲಿ

"ಅಮೆರಿಕದಲ್ಲಿ ಗ್ಯಾಸ್ ಮೂರು ಡಾಲರ್ ಅಂತಾರೆ. ಪೀಣ್ಯಕ್ಕೆ ಬರೋಷ್ಟರಲ್ಲಿ ಅದು ಹನ್ನೊಂದು, ಹನ್ನೆರಡು ಹೇಗಾಗುತ್ತೆ ಸಾರ್? ಮಧ್ಯದಲ್ಲಿ ತಿನ್ನೋರು ಯಾರು?"

ಕಾರ್ಖಾನೆಗಳಿಗೆ ಗ್ಯಾಸ್ ಖರೀದಿಯ ಕರಾರು ಓದಿ ಹೇಳುವುದು ನನ್ನ ಕೆಲಸ. ಹೀಟ್ ಟ್ರೀಟ್‌ಮೆಂಟ್ ಘಟಕ ನಡೆಸುವವರು ಈ ಪ್ರಶ್ನೆ ಕೇಳುತ್ತಾರೆ, ಬೊಮ್ಮಸಂದ್ರದ ಫೋರ್ಜಿಂಗ್‌ನವರು ಕೇಳುತ್ತಾರೆ, ಮದುವೆ ಮನೆಯಲ್ಲಿ ಸಿಕ್ಕ ನೆಂಟರೂ ಕೇಳುತ್ತಾರೆ. ಕೇಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಕುಲುಮೆ ಉರಿಸಿಯೇ ಬದುಕುವವರಿಗೆ ಗ್ಯಾಸ್ ಬಿಲ್ ಸಣ್ಣ ವಿಷಯವಲ್ಲ. ಆದ್ದರಿಂದ ಲೆಕ್ಕವನ್ನು ಬಿಡಿಸಿಯೇ ಹೇಳುತ್ತೇನೆ.

ಆ ಮೂರು ಡಾಲರ್ ಲೂಸಿಯಾನಾದ ಹೆನ್ರಿ ಹಬ್ ಎಂಬ ಪೈಪ್‌ಲೈನ್ ಕೂಡುತಾಣದ ದರ. ಒಂದು ಎಂಎಂಬಿಟಿಯು ಎಂಬ ಶಾಖದ ಅಳತೆಗೆ, ಅಂದರೆ ಸುಮಾರು 27 ಘನ ಮೀಟರ್ ಅನಿಲಕ್ಕೆ. ಅದು ಅಲ್ಲಿನ ಪೈಪಿನೊಳಗಿರುವ ಗ್ಯಾಸಿನ ಬೆಲೆ. ಸಮುದ್ರ ದಾಟಬೇಕಾದರೆ ಅದನ್ನು ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡಬೇಕು. ಆಗ ಅದರ ಗಾತ್ರ ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತಣಿಸುವ ಸ್ಥಾವರ ಒಳಬಂದ ಗ್ಯಾಸಿನಲ್ಲಿ ಒಂದು ಪಾಲನ್ನು ತಾನೇ ಸುಟ್ಟುಕೊಳ್ಳುತ್ತದೆ. ಅದಕ್ಕೇ ನಮ್ಮ ಸರ್ಕಾರಿ ಗ್ಯಾಸ್ ಕಂಪನಿ ಗೇಲ್, ಅಮೆರಿಕದ ಸಬೀನ್ ಪಾಸ್ ಸ್ಥಾವರದ ಜೊತೆ 20 ವರ್ಷಕ್ಕೆ, ವರ್ಷಕ್ಕೆ 35 ಲಕ್ಷ ಟನ್ನಿನಂತೆ ಮಾಡಿಕೊಂಡ ಕರಾರಿನಲ್ಲಿ ಬೆಲೆ ಹೆನ್ರಿ ಹಬ್ಬಿನ ಶೇ. 115, ಜೊತೆಗೆ 3 ಡಾಲರ್ ಸ್ಥಿರ ಶುಲ್ಕ. ಹಬ್ಬಿನಲ್ಲಿ ದರ ಮೂರಿದ್ದರೆ ಹಡಗಿಗೆ ತುಂಬುವಾಗಲೇ 6.45 ಆಯಿತು.

ಮೆಕ್ಸಿಕೋ ಕೊಲ್ಲಿಯಿಂದ ನಮ್ಮ ಪಶ್ಚಿಮ ಕರಾವಳಿಗೆ ಹಡಗು ಬರಲು ಹೆಚ್ಚುಕಡಿಮೆ ಒಂದು ತಿಂಗಳು. ಖಾಲಿ ಹಿಂತಿರುಗುವ ಖರ್ಚೂ ನಮ್ಮದೇ. ದಾರಿಯುದ್ದಕ್ಕೂ ದಿನಕ್ಕೆ ಸುಮಾರು ಶೇ. 0.1ರಷ್ಟು ಸರಕು ಆವಿಯಾಗಿ ಹಡಗಿನ ಎಂಜಿನ್ನಿಗೆ ಹೋಗುತ್ತದೆ. ಸಾಮಾನ್ಯ ದಿನಗಳಲ್ಲಿ ಸಾಗಣೆಗೆ ಒಂದೂವರೆಯಿಂದ ಎರಡು ಡಾಲರ್ ಅನ್ನಿ; ಹಡಗು ಸಿಗದ 2022ರ ಶರತ್ಕಾಲದಲ್ಲಿ ಬಾಡಿಗೆಯೇ ದಿನಕ್ಕೆ 4 ಲಕ್ಷ ಡಾಲರ್ ದಾಟಿತ್ತು. ಇಲ್ಲಿ ಬಂದ ಮೇಲೆ ಶೇ. 2.5 ಕಸ್ಟಮ್ಸ್ ಸುಂಕ, ಮತ್ತೆ ಅನಿಲ ಮಾಡುವ ಟರ್ಮಿನಲ್ಲಿನ ಶುಲ್ಕ, ಮಹಾರಾಷ್ಟ್ರ ಕರಾವಳಿಯ ದಾಭೋಲ್‌ನಿಂದ ಬೆಳಗಾವಿ, ದಾವಣಗೆರೆ, ಚಿತ್ರದುರ್ಗ, ತುಮಕೂರಿನ ಕಡೆಯಿಂದ ಬರುವ ಸುಮಾರು ಸಾವಿರ ಕಿಲೋಮೀಟರ್ ಪೈಪ್‌ಲೈನಿನ ಬಾಡಿಗೆ, ನಗರದೊಳಗಿನ ವಿತರಣೆ, ವ್ಯಾಟ್. ನೈಸರ್ಗಿಕ ಅನಿಲ ಇನ್ನೂ ಜಿಎಸ್‌ಟಿ ಒಳಗೆ ಬಂದಿಲ್ಲವಾದ್ದರಿಂದ ಕಟ್ಟಿದ ವ್ಯಾಟ್‌ಗೆ ಇನ್‌ಪುಟ್ ಕ್ರೆಡಿಟ್ ಕೂಡ ಸಿಗುವುದಿಲ್ಲ, ಅಂದರೆ ಅದನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವಂತಿಲ್ಲ. ಸಣ್ಣ ಕೈಗಾರಿಕೆಗೆ ಇದು ನಿಜವಾದ ಅನ್ಯಾಯ, ಸರಿಪಡಿಸಬಹುದಾದ ಅನ್ಯಾಯ. ಉಳಿದದ್ದೆಲ್ಲ ಕಬ್ಬಿಣ, ಡೀಸೆಲ್, ಬಡ್ಡಿ.

ಇಷ್ಟು ಹೇಳಿದರೆ ಜನ ತಲೆಯಾಡಿಸುತ್ತಾರೆ. ಆದರೆ ಈ ವ್ಯಾಪಾರದ ಜೀವಾಳ ಇರುವುದು ಆ 3 ಡಾಲರ್ ಸ್ಥಿರ ಶುಲ್ಕದಲ್ಲಿ. ಗ್ಯಾಸ್ ಎತ್ತಿಕೊಂಡರೂ ಅದನ್ನು ಕಟ್ಟಬೇಕು, ಬಿಟ್ಟರೂ ಕಟ್ಟಬೇಕು. ಕಲ್ಯಾಣ ಮಂಟಪ ಕಾಯ್ದಿರಿಸಿದ ಹಾಗೆ: ಮದುವೆ ನಿಂತರೂ ಬಾಡಿಗೆ ನಿಲ್ಲುವುದಿಲ್ಲ. 2020ರ ಬೇಸಿಗೆಯಲ್ಲಿ, ಕೋವಿಡ್‌ನಿಂದ ಬೇಡಿಕೆ ಕುಸಿದು ಏಷ್ಯಾದ ಸ್ಪಾಟ್ ದರ (ದೀರ್ಘ ಕರಾರಿಲ್ಲದೆ ಆಗಿಂದಾಗ್ಗೆ ಕೊಳ್ಳುವ ಸರಕಿನ ದರ) 2 ಡಾಲರಿಗಿಂತ ಕೆಳಗಿಳಿದಾಗ, ಜಗತ್ತಿನ ಖರೀದಿದಾರರು ಅಮೆರಿಕದ ನೂರಕ್ಕೂ ಹೆಚ್ಚು ಹಡಗು ಸರಕನ್ನು ರದ್ದು ಮಾಡಿ, ಸ್ಥಿರ ಶುಲ್ಕ ಮಾತ್ರ ಕಟ್ಟಿ ಸುಮ್ಮನಾದರು. ಸ್ಥಾವರ ಕಟ್ಟಲು ನೂರಾರು ಕೋಟಿ ಡಾಲರ್ ಸಾಲ ಕೊಡುವ ಬ್ಯಾಂಕು ನೆಚ್ಚಿಕೊಳ್ಳುವುದು ಈ ಶುಲ್ಕವನ್ನೇ. ಖರೀದಿದಾರ ಇಪ್ಪತ್ತು ವರ್ಷಕ್ಕೆ ಸಹಿ ಹಾಕದಿದ್ದರೆ ಸ್ಥಾವರವೇ ಏಳುವುದಿಲ್ಲ.

ಕತಾರ್‌ನಂಥವರ ಪದ್ಧತಿ ಬೇರೆ. ಅವರು ಬೆಲೆಯನ್ನು ಕಚ್ಚಾ ತೈಲಕ್ಕೆ ಕಟ್ಟಿಹಾಕುತ್ತಾರೆ. ಬ್ರೆಂಟ್ ಎಂಬ ಮಾನದಂಡ ತೈಲದ ದರ ಬ್ಯಾರಲ್‌ಗೆ 80 ಡಾಲರ್ ಇದ್ದು, ಕರಾರಿನ ಸ್ಲೋಪ್, ಅಂದರೆ ತೈಲ ದರದಲ್ಲಿ ಎಷ್ಟು ಪಾಲು ಗ್ಯಾಸ್ ದರ ಎಂಬ ಪ್ರಮಾಣ, ಶೇ. 12.5 ಇದ್ದರೆ ಗ್ಯಾಸ್ ದರ 10 ಡಾಲರ್. ಚೌಕಾಸಿಯೆಲ್ಲ ನಡೆಯುವುದು ಆ ಸ್ಲೋಪಿನ ದಶಮಾಂಶದ ಮೇಲೆ. ಎಷ್ಟು ತಿಂಗಳ ತೈಲ ದರದ ಸರಾಸರಿ ಹಿಡಿಯುತ್ತೀರಿ ಎನ್ನುವುದೂ ಅಷ್ಟೇ ಮುಖ್ಯ; ಅದನ್ನು ನಮ್ಮ ದೇಶ ದುಬಾರಿ ಬೆಲೆ ಕೊಟ್ಟೇ ಕಲಿಯಿತು. ದ್ರವ ಗ್ಯಾಸ್ ಆಮದು ಮಾಡುವ ನಮ್ಮ ಪೆಟ್ರೋನೆಟ್ ಕಂಪನಿ 1999ರಲ್ಲಿ ಕತಾರ್‌ನ ರಾಸ್‌ಗ್ಯಾಸ್ ಜೊತೆ ವರ್ಷಕ್ಕೆ 75 ಲಕ್ಷ ಟನ್ನಿನ, 25 ವರ್ಷಗಳ ಕರಾರು ಮಾಡಿಕೊಂಡಿತು. 2004ರಲ್ಲಿ ಗುಜರಾತಿನ ದಹೇಜ್ ಟರ್ಮಿನಲ್ಲಿಗೆ ಸರಕು ಬರತೊಡಗಿತು. ಅದರ ಬೆಲೆ ಐದು ವರ್ಷಗಳ ತೈಲ ಸರಾಸರಿಗೆ ಅಂಟಿಕೊಂಡಿತ್ತು. 2014ರ ಕೊನೆಗೆ ತೈಲ ಕುಸಿದರೂ ಹಳೆಯ ನೂರು ಡಾಲರಿನ ವರ್ಷಗಳು ಸರಾಸರಿಯೊಳಗೆ ಕೂತಿದ್ದವು. ಸ್ಪಾಟ್ ದರ ಏಳರ ಆಸುಪಾಸಿನಲ್ಲಿದ್ದಾಗ ಕರಾರಿನ ಗ್ಯಾಸ್ ಹನ್ನೆರಡು ದಾಟಿತ್ತು. ಪೆಟ್ರೋನೆಟ್ ಕಡಿಮೆ ಎತ್ತಿತು. ಕರಾರಿನ ಪ್ರಕಾರ ಸುಮಾರು 12,000 ಕೋಟಿ ರೂಪಾಯಿ ದಂಡ ಬೀಳಬೇಕಿತ್ತು. 2015ರ ಡಿಸೆಂಬರಿನಲ್ಲಿ ಕತಾರ್ ಆ ದಂಡವನ್ನು ಬಿಟ್ಟು, ಮೂರು ತಿಂಗಳ ಬ್ರೆಂಟ್ ಸರಾಸರಿಗೆ ಒಪ್ಪಿತು. ಬದಲಿಗೆ ಭಾರತ ವರ್ಷಕ್ಕೆ ಇನ್ನೂ 10 ಲಕ್ಷ ಟನ್ ಕೊಳ್ಳಲು ಒಪ್ಪಿತು. ನ್ಯಾಯಾಲಯಕ್ಕೆ ಹೋಗಿದ್ದರೆ ಕತಾರ್ ಗೆಲ್ಲುತ್ತಿತ್ತು ಎಂದೇ ನನ್ನ ಅಂದಾಜು. ಆದರೆ ಇನ್ನೂ ಹತ್ತಾರು ವರ್ಷ ಕೊಳ್ಳಬೇಕಾದ ಗಿರಾಕಿಯನ್ನು ಮುಳುಗಿಸಿ ಅವರಿಗೇನು ಸಿಗುತ್ತಿತ್ತು?

ಹಾಗಾದರೆ ಕರಾರೇ ಇಲ್ಲದೆ, ಅಗ್ಗವಾದಾಗ ಸ್ಪಾಟ್ ಕೊಂಡರಾಗದೇ ಎಂದು ಕೇಳುವವರಿಗೆ ನಾನು 2022ನ್ನು ತೋರಿಸುತ್ತೇನೆ. ರಷ್ಯಾದ ಪೈಪ್ ಗ್ಯಾಸ್ ಕಡಿಮೆಯಾದ ಯುರೋಪ್ ಎಷ್ಟು ಕೊಟ್ಟಾದರೂ ಹಡಗು ತನ್ನ ಕಡೆ ತಿರುಗಿಸಿಕೊಂಡಿತು. ಆ ಆಗಸ್ಟಿನಲ್ಲಿ ಏಷ್ಯಾದ ಸ್ಪಾಟ್ ದರ 70 ಡಾಲರಿನ ಹತ್ತಿರ ಹೋಯಿತು. ಜುಲೈನಲ್ಲಿ ಪಾಕಿಸ್ತಾನ ಹತ್ತು ಹಡಗು ಸರಕಿಗೆ ಟೆಂಡರ್ ಕರೆದರೆ ಒಬ್ಬರೂ ಬರಲಿಲ್ಲ. ಬಾಂಗ್ಲಾದೇಶ ಸ್ಪಾಟ್ ಖರೀದಿ ನಿಲ್ಲಿಸಿ ಲೋಡ್ ಶೆಡ್ಡಿಂಗಿಗೆ ಇಳಿಯಿತು. ಬೆಲೆ ಹೆಚ್ಚೆನ್ನುವ ಹಂತ ದಾಟಿ, ಸರಕೇ ಸಿಗದ ಹಂತ ಅದು. ನಮಗೂ ಪೆಟ್ಟು ಬಿತ್ತು: ರಷ್ಯಾದ ಗ್ಯಾಜ್‌ಪ್ರೋಮ್‌ನ ಸಿಂಗಪುರ ಘಟಕದ ಜೊತೆ ಗೇಲ್‌ಗೆ ದೀರ್ಘಾವಧಿ ಕರಾರಿತ್ತು, ಆ ಘಟಕಕ್ಕೆ ಒಡೆಯನಾಗಿ ಜರ್ಮನಿಯಲ್ಲಿದ್ದ ಕಂಪನಿ ಅಲ್ಲಿನ ಸರ್ಕಾರದ ಕೈಗೆ ಹೋದ ಮೇಲೆ, 2022ರ ಮಧ್ಯದಿಂದ ಸರಕು ಬರುವುದು ನಿಂತುಹೋಯಿತು. ಮಧ್ಯಸ್ಥಿಕೆ ನಡೆದು 2025ರಲ್ಲಿ 28.5 ಕೋಟಿ ಡಾಲರಿಗೆ ರಾಜಿಯಾಯಿತು. ಹಣ ಬಂತು, ಆದರೆ 2022ರಲ್ಲಿ ಉರಿಯಬೇಕಿದ್ದ ಗ್ಯಾಸ್ ಬರಲಿಲ್ಲ. ಕರಾರಿನಲ್ಲಿ ಕೊಳ್ಳುವವನ ಮೇಲಿನ ದಂಡ ಕಟುವಾಗಿದ್ದು ಮಾರುವವನ ದಂಡ ಹಗುರವಾಗಿದ್ದರೆ, ಬೆಲೆ ಏರಿದ ದಿನ ಅವನು ದಂಡ ಕಟ್ಟಿ ಸರಕನ್ನು ಬೇರೆಯವರಿಗೆ ಮಾರಿಕೊಳ್ಳುತ್ತಾನೆ. ಕರಾರು ಓದುವಾಗ ನಾನು ಬೆಲೆಗಿಂತ ಮೊದಲು ಹುಡುಕುವುದು ಈ ಕಲಮನ್ನು.

ಅಡುಗೆಮನೆಯ ಪೈಪ್ ಗ್ಯಾಸಿನ ಲೆಕ್ಕ ಸ್ವಲ್ಪ ಬೇರೆ. ಮನೆಗಳಿಗೂ ಸಿಎನ್‌ಜಿಗೂ ದೇಶದೊಳಗಿನ ಹಳೆಯ ಬಾವಿಗಳ ಗ್ಯಾಸನ್ನು ಮೊದಲು ಕೊಡುತ್ತಾರೆ. 2023ರ ಏಪ್ರಿಲ್‌ನಿಂದ ಅದಕ್ಕೆ ಮಿತಿ ಬೆಲೆಯೂ ಇದೆ. ಆದರೆ ಬಾವಿಗಳು ಬತ್ತುತ್ತಿವೆ, ಕೊರತೆ ತುಂಬುವುದು ಹಡಗಿನ ಗ್ಯಾಸೇ. ಯಲಹಂಕದಲ್ಲಿ 370 ಮೆಗಾವ್ಯಾಟಿನ ಗ್ಯಾಸ್ ವಿದ್ಯುತ್ ಸ್ಥಾವರ 2024ರಲ್ಲಿ ಉದ್ಘಾಟನೆಯಾಯಿತಲ್ಲ, ಅಂಥ ಸ್ಥಾವರಗಳ ಭವಿಷ್ಯ ಪೂರ್ತಿ ಈ ಬೆಲೆಯ ಮೇಲೆಯೇ ನಿಂತಿದೆ. 2024ರಲ್ಲಿ ದೇಶದಲ್ಲಿ ಸುಮಾರು 25,000 ಮೆಗಾವ್ಯಾಟ್ ಗ್ಯಾಸ್ ವಿದ್ಯುತ್ ಸಾಮರ್ಥ್ಯವಿದ್ದು, ಅದರಲ್ಲಿ ಬಹುಪಾಲು ಸುಮ್ಮನೆ ಕೂತಿತ್ತು.

ಮಧ್ಯದಲ್ಲಿ ತಿನ್ನುವವರು ಯಾರೂ ಇಲ್ಲವೇ? ಇದ್ದಾರೆ. ಅಮೆರಿಕದ ಕರಾರುಗಳಲ್ಲಿ ಸರಕನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಬೆಲೆ ಎಲ್ಲಿ ಹೆಚ್ಚೋ ಅಲ್ಲಿಗೆ ಹಡಗು ತಿರುಗಿಸುವ ದೊಡ್ಡ ವ್ಯಾಪಾರಿ ಕಂಪನಿಗಳು 2022ರಲ್ಲಿ ಅಪಾರ ಲಾಭ ಮಾಡಿದವು. ಅದು ಗುಟ್ಟಿನ ಕಳ್ಳತನವಲ್ಲ. ಹಡಗು, ಟ್ಯಾಂಕು, ಕರಾರು ಮೂರೂ ಕೈಯಲ್ಲಿದ್ದವರಿಗೆ ಸಿಗುವ ಅವಕಾಶ. ಭಾರತದ ಕಂಪನಿಗಳಿಗೂ ಅದು ದೊರೆಯಬೇಕು ಎಂದು ನನ್ನ ಆಸೆ.

ಮುಂದಿನ ವರ್ಷಗಳಿಗೆ ಕತಾರ್ ತನ್ನ ಸಾಮರ್ಥ್ಯವನ್ನು ವರ್ಷಕ್ಕೆ 7.7 ಕೋಟಿ ಟನ್ನಿನಿಂದ 14.2 ಕೋಟಿಗೆ ಏರಿಸುವ ಯೋಜನೆ ಹಾಕಿಕೊಂಡಿದೆ. ಅಮೆರಿಕದಲ್ಲೂ ಹೊಸ ಸ್ಥಾವರಗಳು ಏಳುತ್ತಿವೆ. ಪೆಟ್ರೋನೆಟ್ 2024ರ ಫೆಬ್ರವರಿಯಲ್ಲಿ ಕತಾರ್ ಕರಾರನ್ನು 2048ರವರೆಗೆ ಮುಂದುವರಿಸಿ, ಹಡಗಿನ ಜವಾಬ್ದಾರಿಯನ್ನು ಅವರಿಗೇ ವಹಿಸಿತು. ಆ ಹಡಗುಗಳೆಲ್ಲ ಹೊರ್ಮುಜ್ ಜಲಸಂಧಿ ದಾಟಿಯೇ ಬರಬೇಕು ಎಂಬ ಒಂದು ಕಾರಣಕ್ಕಾದರೂ ಅಮೆರಿಕದ ಕರಾರುಗಳೂ ನಮಗೆ ಬೇಕು, ದೂರವಾದರೂ.

ಪೀಣ್ಯದವರಿಗೆ ನಾನು ಹೇಳುವುದಿಷ್ಟು. ಸ್ಪಾಟ್ ದರ ಬಿದ್ದ ದಿನವೇ ದೀರ್ಘಾವಧಿ ಕರಾರಿಗೆ ಕೂರಿ. ಆಗ ಮಾರುವವನಿಗೆ ನಿಮ್ಮ ಅಗತ್ಯವಿರುತ್ತದೆ. ಐದಾರು ಘಟಕಗಳು ಸೇರಿ ಒಟ್ಟು ಪ್ರಮಾಣ ತೋರಿಸಿ. ನಿಮ್ಮ ಬೇಡಿಕೆಯ ಮುಕ್ಕಾಲು ಭಾಗಕ್ಕಷ್ಟೇ ಸಹಿ ಹಾಕಿ, ಉಳಿದದ್ದಕ್ಕೆ ಸ್ಪಾಟ್ ಇರಲಿ. ಮತ್ತು ಸಹಿಗೆ ಮುಂಚೆ ಎದುರಿಗಿರುವವರನ್ನು ನೇರವಾಗಿ ಕೇಳಿ: ಈ ತಿಂಗಳು ದುಡ್ಡು ಕಟ್ಟಿಯೂ ಎತ್ತದೆ ಬಿಟ್ಟ ಗ್ಯಾಸನ್ನು ಮುಂದಿನ ತಿಂಗಳುಗಳಲ್ಲಿ ಎತ್ತಿಕೊಳ್ಳಲು ಬಿಡುತ್ತೀರಾ, ಅದನ್ನು ಬರೆದು ಕೊಡುತ್ತೀರಾ?