‘ಕೋಲ್ಗೇಟ್ ಕೊಡ್ರಿ’ ಅಂದವರು ಒಯ್ಯುವುದು ಕೋಲ್ಗೇಟೇ ಅಂತಿಲ್ಲ

ವಿಜಯಪುರದ ಯಾವುದೇ ಓಣಿಯ ಕಿರಾಣಿ ಅಂಗಡಿ ಮುಂದೆ ಅರ್ಧ ತಾಸು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: "ಕಾಕಾ, ಒಂದು ಕೋಲ್ಗೇಟ್ ಕೊಡ್ರಿ." ಕಾಕಾ ಕೈಗೆ ಸಿಕ್ಕ ಪೇಸ್ಟ್ ಕೊಡುತ್ತಾರೆ. ಅದು ಬೇರೆ ಕಂಪನಿಯದಾದರೂ ತಕರಾರಿಲ್ಲ. ಪ್ಯಾಡಿಗೆ ವಿಸ್ಪರ್ ಅನ್ನುವುದೂ ಹೀಗೇ. ಕಾಲೇಜು ಹುಡುಗ ಹುಡುಗಿಯರು ಏನು ಕೊಳ್ಳುತ್ತಾರೆಂದು ತಿಳಿಯಲು ಫಾರ್ಮ್ ಹಿಡಿದು ಹೊರಟವರು ಮೊದಲು ಎಡವುವುದು ಇಲ್ಲೇ. ಬ್ರ್ಯಾಂಡಿನ ಕಾಲಂನಲ್ಲಿ ವಸ್ತುವಿನ ಹೆಸರು ಬಂದು ಕೂರುತ್ತದೆ, ದೊಡ್ಡ ಕಂಪನಿಯ ಪಾಲು ಸುಳ್ಳೇ ಉಬ್ಬುತ್ತದೆ. ಪ್ಯಾಕ್ ಕಣ್ಣಿಗೆ ಕಾಣದೆ ಬ್ರ್ಯಾಂಡ್ ಬರೆಯಬೇಡಿ. ಹಾಸ್ಟೆಲಿನಲ್ಲಾದರೆ ತೋರಿಸಲು ಕೇಳಿ, ಕಾಲೇಜಿನಲ್ಲಾದರೆ ಪ್ಯಾಕುಗಳ ಫೋಟೋ ಇಟ್ಟು ಬೆರಳು ತೋರಿಸಲು ಹೇಳಿ.

ಫಾರ್ಮಿನ ಭಾಷೆಯೂ ಕೆಡಿಸುತ್ತದೆ. ‘ವೈಯಕ್ತಿಕ ಸ್ವಚ್ಛತಾ ಉತ್ಪನ್ನಗಳು’ ಅಂತ ಅಚ್ಚು ಹಾಕಿದರೆ ಫಿನಾಯಿಲ್, ಕಸಬರಿಗೆ ಎಲ್ಲ ಉತ್ತರದಲ್ಲಿ ಬರುತ್ತವೆ. ಮೈಸಾಬೂನು, ಪೇಸ್ಟ್, ಶಾಂಪೂ, ಪ್ಯಾಡ್, ಸೆಂಟ್ ಎಂದು ಒಂದೊಂದನ್ನೇ ಬರೆಯಿರಿ. ಒಂದೊಂದಕ್ಕೂ ಬೇರೆ ಹಾಳೆ ಇದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಒಬ್ಬಳೇ ಹುಡುಗಿ ಇವನ್ನೆಲ್ಲ ಒಂದೇ ರೀತಿ ಆರಿಸುವುದಿಲ್ಲ. ಮೈಸಾಬೂನು, ಎಣ್ಣೆ ಬಹುತೇಕ ಮನೆಯ ತಿಂಗಳ ಸಂತಿಯಲ್ಲಿ ಬಂದವು. ಅಲ್ಲಿ ಆರಿಸಿದ್ದು ಅವ್ವ. ಸೆಂಟ್, ಫೇಸ್‌ವಾಶ್ ರೂಮ್‌ಮೇಟ್ ನೋಡಿ ಕೊಂಡದ್ದು, ರೊಕ್ಕ ಸ್ವಂತದ್ದು. ‘ಇದರ ರೊಕ್ಕ ಯಾರದು?’ ಎಂಬ ಪ್ರಶ್ನೆ ಬಿಟ್ಟುಹೋದರೆ ಉಳಿದ ಇಪ್ಪತ್ತು ಪ್ರಶ್ನೆಗೆ ಬೆಲೆ ಇಲ್ಲ.

‘ಯಾಕೆ ಇದನ್ನೇ ಕೊಳ್ಳುತ್ತೀರಿ?’ ಎಂದು ಕೇಳಲೇಬಾರದು. ಗುಣಮಟ್ಟ ಅಂತ ಎಲ್ಲರೂ ಹೇಳುತ್ತಾರೆ. ಕಳೆದ ಸಲ ಕೊಂಡದ್ದನ್ನು ಕೇಳಿ: ಯಾವ ದಿನ, ಯಾವ ಅಂಗಡಿ, ಜೊತೆಗೆ ಯಾರಿದ್ದರು, ಎಷ್ಟು ಕೊಟ್ಟಿರಿ, ಬೇಕಾದದ್ದು ಇರದಿದ್ದರೆ ಬೇರೆ ಅಂಗಡಿಗೆ ಹೋದಿರೋ, ಇದ್ದದ್ದನ್ನೇ ತಂದಿರೋ? ಈ ಕೊನೆಯದು ಬಂಗಾರದಂಥ ಪ್ರಶ್ನೆ. ಸಾಬೂನಿಗಾಗಿ ಎರಡನೇ ಅಂಗಡಿ ಹತ್ತುವವರು ಕಡಿಮೆ. ಪ್ಯಾಡಿಗೆ ಹತ್ತುತ್ತಾರೆ, ಆದರೆ ಅಲ್ಲಿ ಕಾರಣ ಬ್ರ್ಯಾಂಡೇ ಇರಬೇಕೆಂದಿಲ್ಲ.

ಅದನ್ನು ನೋಡಲು ಸಂಜೆ ಆರಕ್ಕೆ ಕಾಲೇಜು ಹತ್ತಿರದ ಅಂಗಡಿಗೆ ಹೋಗಬೇಕು. ಹುಡುಗಿ ಬರುತ್ತಾಳೆ, ಕೌಂಟರಿನಲ್ಲಿ ಇಬ್ಬರು ಗಂಡಸರು ನಿಂತಿದ್ದಾರೆ. ಆಕೆ ಬಿಸ್ಕಿಟ್ ನೋಡುತ್ತ ನಿಲ್ಲುತ್ತಾಳೆ. ಅವರು ಹೋದ ಮೇಲೆ ಸಣ್ಣ ದನಿಯಲ್ಲಿ ಕೇಳುತ್ತಾಳೆ. ಅಂಗಡಿಯವ ಕೈಗೆ ಹತ್ತಿರ ಇದ್ದದ್ದನ್ನು ಪೇಪರಿನಲ್ಲಿ ಸುತ್ತಿ ಕಟ್ಟುತ್ತಾನೆ; ‘ದೊಡ್ಡದೋ ಸಣ್ಣದೋ’ ಎಂದೂ ಕೇಳುವುದಿಲ್ಲ, ಆಕೆಯೂ ಬದಲಿಸಿ ಕೊಡಿ ಅನ್ನುವುದಿಲ್ಲ. ಆ ಕ್ಷಣದಲ್ಲಿ ಆರಿಸಿದ್ದು ಅಂಗಡಿಯವ. ಕೌಂಟರಿನಲ್ಲಿ ಹೆಂಗಸು ಕೂತಿದ್ದರೆ ಅಥವಾ ತಾವೇ ಎತ್ತಿಕೊಳ್ಳುವ ಮಾರ್ಟ್ ಆದರೆ ಅದೇ ಹುಡುಗಿ ಪ್ಯಾಕ್ ತಿರುಗಿಸಿ ಉದ್ದ, ಸಂಖ್ಯೆ, ಬೆಲೆ ಓದುತ್ತಾಳೆ. ಜನೌಷಧಿ ಕೇಂದ್ರದಲ್ಲಿ 2019ರ ಆಗಸ್ಟಿನಿಂದ ಪ್ಯಾಡ್ ಒಂದಕ್ಕೆ 1 ರೂಪಾಯಿ. ಅಗ್ಗ ಎಂಬುದೊಂದೇ ಸಾಕಾಗಿದ್ದರೆ ಉಳಿದ ಅಂಗಡಿಯ ಪ್ಯಾಡು ಮಾರಾಟವೇ ಆಗುತ್ತಿರಲಿಲ್ಲ. ಕೇಂದ್ರ ಎಷ್ಟು ದೂರ, ಎಷ್ಟಕ್ಕೆ ಬಾಗಿಲು ಹಾಕುತ್ತದೆ, ಇದನ್ನೂ ಬರೆದುಕೊಳ್ಳಿ. ಪ್ಯಾಡಿನ ಹಾಳೆ ಹಿಡಿದು ಕೇಳಿ ಬರೆದುಕೊಳ್ಳುವವರು ಹೆಂಗಸರೇ ಇರಬೇಕು, ಬೇರೆ ಕೋಣೆಯಲ್ಲಿ.

ಶಾಂಪೂ ಸ್ಯಾಶೆ ನೋಡಿ ‘ಕೈಯಲ್ಲಿ ರೊಕ್ಕ ಇಲ್ಲ’ ಎಂದು ಬರೆಯುವುದು ಹಳೆಯ ತಪ್ಪು. ಲೆಕ್ಕ ಮಾಡಿ: ಸ್ಯಾಶೆಯ ಬೆಲೆಯನ್ನು ಅದರ ಎಂಎಲ್‌ನಿಂದ ಭಾಗಿಸಿ, ಬಾಟಲಿಯದನ್ನೂ ಹಾಗೇ ಮಾಡಿ. ಎಷ್ಟೋ ಸಲ ಸ್ಯಾಶೆಯೇ ಸೋವಿ ಬೀಳುತ್ತದೆ. ಹಾಸ್ಟೆಲಿನಲ್ಲಿ ಇನ್ನೊಂದು ಕಾರಣವೂ ಇದೆ: ಬಾಟಲಿ ಇಟ್ಟರೆ ನಾಲ್ಕು ಮಂದಿ ಬಗ್ಗಿಸುತ್ತಾರೆ. ಸ್ಯಾಶೆ ಹರಿದು ಬಳಸಿದರೆ ಮುಗಿಯಿತು.

ಇನ್ನು ನೀರು. ಈ ಭಾಗದ ಬೋರ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಕೊಬ್ಬಿನಾಮ್ಲದ ಜೊತೆ ಸೇರಿ ಬಿಳಿ ಗಸಿಯಾಗುತ್ತವೆ, ನೊರೆ ಬರುವುದಿಲ್ಲ. ಬೇರೆ ಊರಿಂದ ಬಂದ ಹುಡುಗ ‘ಈ ಸಾಬೂನು ಸರಿ ಇಲ್ಲ’ ಎಂದು ಎರಡೇ ವಾರದಲ್ಲಿ ಬದಲಿಸುತ್ತಾನೆ. ಫಾರ್ಮಿನಲ್ಲಿ ಅದು ‘ಬ್ರ್ಯಾಂಡ್ ನಿಷ್ಠೆ ಇಲ್ಲ’ ಆಗುತ್ತದೆ. ತಪ್ಪು ನೀರಿನದು. ನೊರೆ ತೋರಿಸುವ ಪ್ರಯೋಗವನ್ನು ಕ್ಯಾನ್ ನೀರಿನಲ್ಲಿ ಮಾಡಿದರೆ ಎಲ್ಲ ಸಾಬೂನೂ ಪಾಸು. ಹಾಸ್ಟೆಲಿನ ನಲ್ಲಿಯಿಂದಲೇ ಬಕೆಟ್ ತುಂಬಿಸಿ. ಪ್ಯಾಕಿನ ಹಿಂದೆ ‘ಟಾಯ್ಲೆಟ್ ಸೋಪ್’ ಇದೆಯೋ ‘ಬೇದಿಂಗ್ ಬಾರ್’ ಇದೆಯೋ ಗುರುತು ಮಾಡಿಕೊಳ್ಳಿ. ಮೊದಲ ದರ್ಜೆಯ ಟಾಯ್ಲೆಟ್ ಸೋಪಿನಲ್ಲಿ ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಂಶ, ಕನಿಷ್ಠ 76 ಶೇಕಡಾ ಇರಬೇಕು, ಬೇದಿಂಗ್ ಬಾರಿಗೆ 40 ಸಾಕು. ವಿದ್ಯಾರ್ಥಿಗಳು ಇದನ್ನು ಓದುವುದು ಅಪರೂಪ, ಮೂಸಿ ನೋಡಿಯೇ ತೀರ್ಮಾನಿಸುತ್ತಾರೆ.

ಬೆಲೆ ಬರೆಯುವಾಗ ತೂಕವನ್ನೂ ಬರೆಯಿರಿ. 2025ರ ಸೆಪ್ಟೆಂಬರ್ 22ರಿಂದ ಮೈಸಾಬೂನು, ಪೇಸ್ಟ್, ಶಾಂಪೂ ಮೇಲಿನ ಜಿಎಸ್‌ಟಿ 18ರಿಂದ 5 ಶೇಕಡಾಕ್ಕೆ ಇಳಿದಿದೆ. ಪ್ಯಾಡಿಗೆ 2018ರಿಂದಲೇ ತೆರಿಗೆ ಇಲ್ಲ. 10 ರೂಪಾಯಿ ಪ್ಯಾಕಿನಲ್ಲಿ ಬೆಲೆ ಇಳಿಸಿದರೆ ಚಿಲ್ಲರೆ ತಾಪತ್ರಯ, ಅದಕ್ಕೇ ಗ್ರಾಂ ಏರಿಸುವ ದಾರಿ ಇದೆ. ಬರೀ ‘10 ರೂ.’ ಎಂದು ಬರೆದರೆ ಈ ಬದಲಾವಣೆ ಕಾಣುವುದೇ ಇಲ್ಲ.

ತರಗತಿಯಲ್ಲಿ ಸರ್ ಅಥವಾ ಮೇಡಂ ನಿಂತಿರುವಾಗ ಫಾರ್ಮ್ ಹಂಚಬೇಡಿ. ಎಲ್ಲರೂ ದಿನಕ್ಕೆರಡು ಸಲ ಹಲ್ಲುಜ್ಜುವವರೇ ಆಗಿಬಿಡುತ್ತಾರೆ. ಪರೀಕ್ಷೆ ದಿನ, ತಿಂಗಳ ಕೊನೆ ಎರಡೂ ಬೇಡ. ಹಾಸ್ಟೆಲ್, ಪಿಜಿ, ಊರಿಂದ ದಿನಾ ಬಸ್ಸಿಗೆ ಬರುವವರು, ಈ ಮೂರು ಗುಂಪಿನ ಹಾಳೆ ಬೆರೆಸಬೇಡಿ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಾಸ್ಟೆಲ್ ಹುಡುಗಿಯರಿಗೆ ಶನಿವಾರ ಇಂಡಿ, ಸಿಂದಗಿ ಕಡೆಯ ತಮ್ಮೂರಿಗೆ ಹೋಗಿ ಬರಲು ಬಸ್ ಚಾರ್ಜಿನ ಚಿಂತೆ ಇಲ್ಲ, ಬರುವಾಗ ಅವ್ವ ರೊಟ್ಟಿ ಗಂಟಿನ ಪಕ್ಕ ನಾಲ್ಕು ಸಾಬೂನು ತುರುಕಿರುತ್ತಾಳೆ. ಸೋಮವಾರ ಕೇಳಿದರೆ ‘ಈ ವಾರ ಏನೂ ಕೊಂಡಿಲ್ರೀ’ ಅನ್ನುತ್ತಾರೆ. ಗುರುವಾರ ಹೋಗಿ, ಮತ್ತು ಬ್ಯಾಗಿನಲ್ಲಿ ಬಂದದ್ದಕ್ಕೆ ಒಂದು ಕಾಲಂ ಇಡಿ.