ಲಗ್ನಪತ್ರಿಕೆಯ ಬೆನ್ನ ಮೇಲೆ ಬರೆದ ಅಂಬೊಡೆ

ನಮ್ಮ ಅಜ್ಜಿ ಅಡುಗೆಯ ವಿಧಾನಗಳನ್ನು ಬರೆದಿಟ್ಟದ್ದು ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ. ಹಾಸನದ ನಮ್ಮ ಅಡುಗೆಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯೊಳಗೆ ಆ ಕಾರ್ಡುಗಳು ಇಂದಿಗೂ ಇವೆ. ಕಳೆದ ಸೆಪ್ಟೆಂಬರಿನಲ್ಲಿ ಅಪ್ಪ ಅಮ್ಮನ ಮದುವೆಯ 35ನೆಯ ವರ್ಷದ ಸಂತೋಷಕೂಟಕ್ಕೆ 40 ಜನರನ್ನು ಕರೆದು, ಊಟಕ್ಕೆ ಮೊದಲು ಕೊಡುವ ತಿಂಡಿಗಳನ್ನು ಮನೆಯಲ್ಲಿಯೇ ಮಾಡುವುದೆಂದು ನಿಶ್ಚಯಿಸಿದಾಗ ನಾನು ಮೊದಲು ತೆರೆದದ್ದು ಆ ಡಬ್ಬಿಯನ್ನು.

ಅಂಬೊಡೆಯ ಕಾರ್ಡಿನಲ್ಲಿ ಇದ್ದದ್ದು ಮೂರೇ ಸಾಲು: ಕಡಲೆಬೇಳೆ ನೆನೆಸುವುದು, ಹದವಾಗಿ ರುಬ್ಬುವುದು, ಹದವಾದ ಕಾವಿನಲ್ಲಿ ಕರಿಯುವುದು. ಅಜ್ಜಿಗೆ ಅಷ್ಟು ಸಾಕಾಗಿತ್ತು, ಏಕೆಂದರೆ ಹದ ಅವರ ಕೈಯಲ್ಲಿಯೇ ಇತ್ತು. ಆದರೆ 40 ಜನರಿಗೆ ಮಾಡುವಾಗ ಒಬ್ಬರ ಕೈ ಸಾಲದು. ರುಬ್ಬುವವರು ಅತ್ತಿಗೆ, ತಟ್ಟುವವರು ಚಿಕ್ಕಮ್ಮ, ಬಾಣಲೆಯ ಮುಂದೆ ನಾನು. ಹೀಗಿರುವಾಗ ಹದ ಎಂಬ ಒಂದು ಮಾತು ಮೂವರಿಗೂ ಮೂರು ಬಗೆಯಾಗಿ ತೋರುತ್ತದೆ. ಆದ್ದರಿಂದ ಹಲವರು ಸೇರಿ ಅಡುಗೆ ಮಾಡುವ ದಿನದ ಕಾರ್ಡಿನಲ್ಲಿ ಹದವನ್ನು ಬಿಡಿಸಿ ಬರೆಯಲೇಬೇಕೆಂದು ನಾನು ನಂಬುತ್ತೇನೆ.

ಅದರ ಹಿಂದಿನ ವರ್ಷ ಅಣ್ಣನ ಮಗನ ಹುಟ್ಟುಹಬ್ಬಕ್ಕೆ ನಾನು ಬೇಳೆಯನ್ನು ರಾತ್ರಿಯೆಲ್ಲ ನೆನೆಯಲು ಬಿಟ್ಟಿದ್ದೆ. ಬೇಳೆ ವಿಪರೀತ ನೀರು ಕುಡಿದು, ಅಂಬೊಡೆ ಮೆತ್ತಗಾಗಿ, ಹಿಡಿದ ಕೈಗೆಲ್ಲ ಎಣ್ಣೆ ಅಂಟುತ್ತಿತ್ತು. ಈ ಸಲ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು, ಅವರು ಹೇಳಿದ್ದನ್ನೆಲ್ಲ ಹೊಸ ಕಾರ್ಡಿಗೆ ಬರೆದುಕೊಂಡೆ. ಎರಡು ಗಂಟೆ ನೆನೆದರೆ ಸಾಕು. ಆಮೇಲೆ ನೀರು ಸಂಪೂರ್ಣ ಇಳಿಯುವವರೆಗೆ ಜರಡಿಯಲ್ಲಿ ಹಾಕಿಡಬೇಕು. ಒಂದು ಹಿಡಿ ಬೇಳೆಯನ್ನು ಇಡಿಯಾಗಿ ತೆಗೆದಿಟ್ಟು, ಉಳಿದದ್ದನ್ನು ನೀರು ಸೇರಿಸದೆ ತರಿತರಿಯಾಗಿ ರುಬ್ಬಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಿಗೆ ಬೇಳೆಯ ಚೂರು ಸಿಗಬೇಕು. ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಶುಂಠಿ, ಇಂಗು, ಕಾಯಿತುರಿಯನ್ನು ಮೊದಲೇ ಬೆರೆಸಿಟ್ಟರೂ ಉಪ್ಪನ್ನು ಮಾತ್ರ ಎಣ್ಣೆ ಕಾದ ಮೇಲೆ, ಒಂದು ಬಾರಿಗೆ ತಟ್ಟುವಷ್ಟು ಹಿಟ್ಟಿಗೇ ಸೇರಿಸಬೇಕು, ಇಲ್ಲವಾದರೆ ಸೊಪ್ಪು ನೀರು ಬಿಟ್ಟು ಹಿಟ್ಟು ಸಡಿಲವಾಗುತ್ತದೆ. ಎಣ್ಣೆಗೆ ಹಾಕಿದ ಚಿಟಿಕೆ ಹಿಟ್ಟು ತಳ ಮುಟ್ಟಿ, ಕೆಂಪಗಾಗದೆ ನಿಧಾನವಾಗಿ ಮೇಲೆ ಬಂದರೆ ಕಾವು ಸರಿಯಾಗಿದೆ ಎಂದರ್ಥ.

ಅಜ್ಜಿಯ ಅಳತೆ ಪಾವಿನದು. ನಾಲ್ಕು ಪಾವು ಸೇರಿದರೆ ಒಂದು ಸೇರು. ಇಂದು ಅಂಗಡಿಯಲ್ಲಿ ಪಾವು ನಡೆಯುವುದಿಲ್ಲವಾದ್ದರಿಂದ ನಮ್ಮ ಮನೆಯ ಪಾವಿನ ತುಂಬ ಬೇಳೆ ಅಳೆದು ತಕ್ಕಡಿಗೆ ಸುರಿದೆ. ಅದು ಕಾಲು ಕಿಲೋಗಿಂತ ತುಸು ಕಡಿಮೆ ತೂಗಿತು. ಪಾವನ್ನು ಕೈಬಿಡಲು ನನಗೆ ಮನಸ್ಸಾಗಲಿಲ್ಲ, ಹಾಗಾಗಿ ಎರಡೂ ಅಳತೆಗಳನ್ನು ಅಕ್ಕಪಕ್ಕದಲ್ಲಿ ಬರೆದಿದ್ದೇನೆ. ಒಂದು ಪಾವಿಗೆ ಸುಮಾರು 18 ಚಿಕ್ಕ ಅಂಬೊಡೆಯಾಗುತ್ತದೆ. ತಲೆಗೆ ಎರಡರಂತೆ ಲೆಕ್ಕ ಹಾಕಿ 5 ಪಾವು ನೆನೆಸಿದೆವು.

ಆಲೂಗಡ್ಡೆ ಬೋಂಡಾದ ಕಾರ್ಡಿಗೆ ನಮ್ಮ ಜಿಲ್ಲೆಗೇ ಸಲ್ಲುವ ಒಂದು ಸಾಲನ್ನು ಸೇರಿಸಬೇಕಾಯಿತು. ಹಾಸನದ ಸುತ್ತ ಮುಂಗಾರಿನಲ್ಲಿ ನೆಟ್ಟ ಆಲೂಗಡ್ಡೆಯನ್ನು ಆಗಸ್ಟ್, ಸೆಪ್ಟೆಂಬರಿನ ಹೊತ್ತಿಗೆ ಅಗೆಯುತ್ತಾರೆ. ಕಟ್ಟಿನಕೆರೆ ಮಾರುಕಟ್ಟೆಯಿಂದ ತಂದ 3 ಕಿಲೋ ಹೊಸ ಗಡ್ಡೆಯ ಸಿಪ್ಪೆ ಬೆರಳಿಗೇ ಸುಲಿದು ಬರುವಷ್ಟು ತೆಳುವಾಗಿತ್ತು. ಇಂಥ ಗಡ್ಡೆಯಲ್ಲಿ ನೀರಿನ ಅಂಶ ಹೆಚ್ಚಿರುವುದರಿಂದ ಬೇಯಿಸಿ ಪುಡಿಮಾಡಿದ ಮೇಲೆ ಅಗಲವಾದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಆರಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಉಂಡೆಯ ತೇವ ಆವಿಯಾಗಿ ಕಡಲೆಹಿಟ್ಟಿನ ಹೊದಿಕೆಯನ್ನು ಒಡೆಯುತ್ತದೆ, ಪಲ್ಯ ಎಣ್ಣೆಗೆ ಬೀಳುತ್ತದೆ. ಗರಿಗರಿಯಾಗಲೆಂದು ಹಿಟ್ಟಿಗೆ ಸ್ವಲ್ಪ ಅಕ್ಕಿಹಿಟ್ಟನ್ನೂ ಸೇರಿಸಿದ್ದೆವು. ಕೋಡುಬಳೆಯನ್ನು ಎರಡು ದಿನ ಮೊದಲೇ ಕರಿದು ಡಬ್ಬಿಗೆ ತುಂಬಿದ್ದೆವು.

ಕೊನೆಯದಾಗಿ ಯಾವ ತಿಂಡಿಗೂ ಸೇರದ ಒಂದು ಕಾರ್ಡನ್ನು ಬರೆದು ಒಲೆಯ ಪಕ್ಕದ ಗೋಡೆಗೆ ಅಂಟಿಸಿದೆ. ಅದರಲ್ಲಿ ಇದ್ದದ್ದು ಹೊತ್ತು ಮಾತ್ರ: 2 ಗಂಟೆಗೆ ಬೇಳೆ ನೆನೆಸುವುದು, 3ಕ್ಕೆ ಆಲೂಗಡ್ಡೆ ಬೇಯಿಸುವುದು, 4ಕ್ಕೆ ಬೇಳೆ ಬಸಿಯುವುದು, 5ಕ್ಕೆ ರುಬ್ಬುವುದು, 6ಕ್ಕೆ ಎಣ್ಣೆ ಇಡುವುದು, ಬಡಿಸುವ ಮುನ್ನವಷ್ಟೇ ಕೋಸಂಬರಿಗೆ ಉಪ್ಪು ಮತ್ತು ನಿಂಬೆರಸ ಹಾಕುವುದು. ನನ್ನ ದೃಷ್ಟಿಯಲ್ಲಿ ಆ ಸಂಜೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ಚಿಕ್ಕಮ್ಮ ನನ್ನನ್ನು ಒಂದು ಮಾತೂ ಕೇಳದೆ, ಗೋಡೆಯನ್ನು ನೋಡಿಕೊಂಡೇ ಕೆಲಸಗಳನ್ನು ಒಂದೊಂದಾಗಿ ಮುಗಿಸಿದರು.

ಅತಿಥಿಗಳು ಹೊರಟ ಮೇಲೆ ಅಮ್ಮ ಪಾತ್ರೆಗಳನ್ನು ನೋಡಿ ಬಂದರು. ಅಂಬೊಡೆ ಒಂದೂ ಉಳಿದಿರಲಿಲ್ಲ, ಬೋಂಡಾ ನಾಲ್ಕು ಇದ್ದವು, ಕೋಸಂಬರಿ ಮಾತ್ರ ಮೂರರಲ್ಲಿ ಒಂದು ಪಾಲು ಹಾಗೆಯೇ ಇತ್ತು. ಅವರು ಪೆನ್ನು ತೆಗೆದುಕೊಂಡು ಕೋಸಂಬರಿಯ ಕಾರ್ಡಿನಲ್ಲಿ 3 ಪಾವು ಹೆಸರುಬೇಳೆ ಎಂದಿದ್ದುದನ್ನು ಹೊಡೆದು, ಪಕ್ಕದಲ್ಲಿ 2 ಎಂದು ಬರೆದರು.