ಹಳೇ ಹೈಸ್ಕೂಲಿನ ಚರಿತ್ರೆ: ಮೊದಲು ದಾಖಲಾತಿ ರಿಜಿಸ್ಟರ್, ಆಮೇಲೆ ಸ್ಮರಣ ಸಂಚಿಕೆ

ಕೊಡಗಿನ ಯಾವುದಾದರೂ ಹಳೇ ಸರ್ಕಾರಿ ಹೈಸ್ಕೂಲಿನ ಸ್ಮರಣ ಸಂಚಿಕೆ ಬಿಡಿಸಿ ನೋಡಿ. ಶುರುವಿನಲ್ಲಿ ಶುಭಸಂದೇಶಗಳ ಸಾಲು, ನಡುನಡುವೆ ಕಾಫಿ ವ್ಯಾಪಾರಿಗಳ, ಹೋಂಸ್ಟೇಗಳ ಜಾಹೀರಾತು, ಎಲ್ಲೋ ಮೂಲೆಯಲ್ಲಿ ಒಂದೂವರೆ ಪುಟ ‘ನಮ್ಮ ಶಾಲೆ ನಡೆದು ಬಂದ ದಾರಿ’. ಆ ಒಂದೂವರೆ ಪುಟವನ್ನು ಹಿಂದಿನ ಸಂಚಿಕೆಯಿಂದ ಎತ್ತಿರುತ್ತಾರೆ, ಅದನ್ನು ಅದಕ್ಕೂ ಹಿಂದಿನದರಿಂದ. ಒಮ್ಮೆ ಇಸವಿ ತಪ್ಪಿ ಅಚ್ಚಾದರೆ ಸುವರ್ಣ ಮಹೋತ್ಸವದಲ್ಲಿ, ವಜ್ರ ಮಹೋತ್ಸವದಲ್ಲಿ, ಶತಮಾನೋತ್ಸವದಲ್ಲೂ ಅದೇ ತಪ್ಪು. ನಿಜವಾದ ಚರಿತ್ರೆ ಆಫೀಸಿನ ಬೀರುವಿನಲ್ಲಿ ಬೂಷ್ಟು ಹಿಡಿದು ಕೂತಿರುತ್ತದೆ. ಅದನ್ನು ತೆಗೆದು ಓದುವುದು ಹೇಗೆ, ಓದುವಾಗ ಎಲ್ಲಿ ಎಡವುತ್ತೇವೆ ಎನ್ನುವುದಷ್ಟೇ ಇಲ್ಲಿನ ವಿಷಯ.

ಮಡಿಕೇರಿಯ ಸೆಂಟ್ರಲ್ ಸ್ಕೂಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ತೆಗೆದುಕೊಂಡರು. 1850ರ ದಶಕದಲ್ಲಿ ಕ್ರೈಸ್ತ ಪಾದ್ರಿಗಳ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಇಲ್ಲಿಗೆ ಬಂದರು, ಅವರ ಹಿಂದೆಯೇ ಜಾರ್ಜ್ ರಿಕ್ಟರ್. 1870ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕೊಡಗಿನ ಕೈಪಿಡಿಯ ಮುಖಪುಟದಲ್ಲಿ ರಿಕ್ಟರ್ ತಮ್ಮನ್ನು ಮಡಿಕೇರಿ ಸರ್ಕಾರಿ ಸೆಂಟ್ರಲ್ ಸ್ಕೂಲಿನ ಪ್ರಿನ್ಸಿಪಾಲ್, ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಎಂದು ಹೇಳಿಕೊಂಡಿದ್ದಾರೆ. ಪಾದ್ರಿಯೊಬ್ಬರು ಸರ್ಕಾರಿ ಶಾಲೆಯ ಮುಖ್ಯಸ್ಥರೂ ಆಗಿದ್ದರು, ಅದೇ ಶಾಲೆಯನ್ನು ತನಿಖೆ ಮಾಡುವವರೂ ಆಗಿದ್ದರು! ಇದರಿಂದ ನಮಗೆ ಅನುಕೂಲವೇ ಆಗಿದೆ. ಸರ್ಕಾರಿ ಕಡತದಲ್ಲಿ ಸಿಗದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ದಫ್ತರದಲ್ಲಿ ಸಿಗಬಹುದು. ಅಲ್ಲಿನ ಹಳೇ ಫೋಟೋಗಳನ್ನು ಇಂಟರ್‌ನೆಟ್‌ನಲ್ಲೇ ನೋಡಬಹುದು. ವರದಿಗಳು ಮಾತ್ರ ಬಹುತೇಕ ಜರ್ಮನ್ ಭಾಷೆಯಲ್ಲಿವೆ, ಹಳೇ ಜರ್ಮನ್ ಕೈಬರಹ ಓದಬಲ್ಲವರನ್ನು ಹುಡುಕಬೇಕು.

‘ಸ್ಥಾಪನೆಯಾದ ವರ್ಷ’ ಎಂಬ ಒಂದೇ ಸಾಲಿಗಾಗಿ ಸಮಿತಿಗಳಲ್ಲಿ ಜಗಳವಾಗುತ್ತದೆ. ಆ ಜಗಳ ಬೇಡ. ಒಂದು ಶಾಲೆಗೆ ನಾಲ್ಕು ಹುಟ್ಟು ಇರಬಹುದು: ಮೊದಲ ಪಾಠ ನಡೆದದ್ದು, ಸರ್ಕಾರ ವಹಿಸಿಕೊಂಡದ್ದು, ಹೈಸ್ಕೂಲ್ ದರ್ಜೆಗೆ ಏರಿದ್ದು, ಈಗಿನ ಕಟ್ಟಡಕ್ಕೆ ಬಂದದ್ದು. ನಾಲ್ಕನ್ನೂ ಬೇರೆಬೇರೆಯಾಗಿ ಬರೆದು, ಪ್ರತಿಯೊಂದರ ಪಕ್ಕ ಯಾವ ದಾಖಲೆಯಿಂದ ತಿಳಿಯಿತು ಎಂದು ಹಾಕಿ. ಎಲ್ಲಕ್ಕಿಂತ ಹಳೆಯದನ್ನು ಆರಿಸಿ ಬೋರ್ಡ್ ಬರೆಸುವುದು ಚರಿತ್ರೆಯಲ್ಲ.

ಕಾಗದಗಳು ಎಲ್ಲೆಲ್ಲಿ ಚೆದುರಿವೆ ಎಂದು ತಿಳಿಯಲು ಆಡಳಿತ ಬದಲಾದ ಕ್ರಮ ಗೊತ್ತಿರಬೇಕು. 1881ರಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಹೋದಮೇಲೆ ಮೈಸೂರಿನಲ್ಲಿ ಇಂಗ್ಲಿಷ್ ಸರ್ಕಾರದ ಪ್ರತಿನಿಧಿಯಾಗಿದ್ದ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರ್ ಆದರು. ಅವರು ಬೆಂಗಳೂರಿನಲ್ಲಿ, ಕಮಿಷನರ್ ಮಡಿಕೇರಿಯಲ್ಲಿ. ಪರೀಕ್ಷೆ ಮದ್ರಾಸಿನದು: ಮೊದಲು ಮದ್ರಾಸ್ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್, ಆಮೇಲೆ ಮದ್ರಾಸ್ ಪದ್ಧತಿಯ ಎಸ್‌ಎಸ್‌ಎಲ್‌ಸಿ. 1950ರಿಂದ ಕೊಡಗು ‘ಸಿ’ ದರ್ಜೆಯ ರಾಜ್ಯ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯದ ಒಂದು ಜಿಲ್ಲೆ. ಹಾಗಾಗಿ ಶಾಲೆಯ ಆಡಳಿತದ ಕಡತವನ್ನು ಮಡಿಕೇರಿಯಲ್ಲೂ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲೂ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ರೆಸಿಡೆನ್ಸಿ ಕಡತಗಳಲ್ಲೂ ಹುಡುಕಬೇಕು. 1956ಕ್ಕೂ ಹಿಂದಿನ ಪರೀಕ್ಷಾ ಫಲಿತಾಂಶವನ್ನು ಮೈಸೂರಿನ ದಾಖಲೆಗಳಲ್ಲಿ ಹುಡುಕಿದರೆ ಬರಿಗೈ.

ಇನ್ನು ಶಾಲೆಯ ಬೀರುವಿಗೆ ಬರೋಣ. ಜೂನಿಯರ್ ಕಾಲೇಜಾಗಿ ಬದಲಾದ ಹೈಸ್ಕೂಲುಗಳಲ್ಲಿ ಹಳೇ ರಿಜಿಸ್ಟರುಗಳು ಸಾಮಾನ್ಯವಾಗಿ ಹೈಸ್ಕೂಲ್ ವಿಭಾಗದ ಉಪಪ್ರಾಂಶುಪಾಲರ ವಶದಲ್ಲಿರುತ್ತವೆ, ಪ್ರಾಂಶುಪಾಲರ ಹತ್ತಿರ ಅಲ್ಲ. ಅನುಮತಿ ಪತ್ರ ಅವರ ಹೆಸರಿಗೆ ಬರೆದು, ಪ್ರತಿಯನ್ನು ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರ) ಕಚೇರಿಗೆ ಕೊಡಿ. ಕೆಲಸಕ್ಕೆ ಒಳ್ಳೆಯ ಕಾಲ ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿ ಕಳೆದ ಮೇಲಿನ ಡಿಸೆಂಬರ್, ಜನವರಿ. ಗಾಳಿ ಒಣಗಿರುತ್ತದೆ, ಶಾಲೆಯೂ ನಡೆಯುತ್ತಿರುತ್ತದೆ. ಫೆಬ್ರವರಿ ಬಂತೆಂದರೆ ಎಸ್‌ಎಸ್‌ಎಲ್‌ಸಿ ತಯಾರಿ, ಯಾರಿಗೂ ಪುರುಸೊತ್ತಿಲ್ಲ. ಏಪ್ರಿಲ್, ಮೇ ರಜೆಯಲ್ಲಿ ಮಾಡೋಣ ಎಂದರೆ ಬೀಗದ ಕೈ ಇರುವವರು ಮೌಲ್ಯಮಾಪನಕ್ಕೆ ಹೋಗಿರುತ್ತಾರೆ.

ಉಳಿದಿರುವುದು ಬಹುತೇಕ ದಾಖಲಾತಿ ರಿಜಿಸ್ಟರ್ ಒಂದೇ. ಹಾಜರಿ ಪುಸ್ತಕ, ಫೀ ವಸೂಲಿ ಪುಸ್ತಕ, ಸಂಬಳದ ಬಟವಾಡೆ ಪುಸ್ತಕ ಎಂದೋ ರದ್ದಿಗೆ ಹೋಗಿರುತ್ತವೆ. ದಾಖಲಾತಿಯದ್ದು ಶಾಶ್ವತ ದಾಖಲೆ, ಜೊತೆಗೆ ಇಂದಿಗೂ ಬಳಕೆಯಲ್ಲಿದೆ. ಜಾತಿ ಪ್ರಮಾಣಪತ್ರಕ್ಕೆ, ಆಸ್ತಿ ವ್ಯಾಜ್ಯಕ್ಕೆ ಅಜ್ಜನ ಶಾಲಾ ದಾಖಲೆ ಬೇಕೆಂದು ಮೊಮ್ಮಕ್ಕಳು ಬರುತ್ತಲೇ ಇರುತ್ತಾರೆ. ಹಾಗಾಗಿ ಉಳಿದದ್ದೂ ಅದೇ, ಸವೆದದ್ದೂ ಅದೇ. ಪುಟದ ಬಲ ಕೆಳಮೂಲೆ ಎಂಜಲು ಬೆರಳು ತಾಗಿ ತಾಗಿ ಬಟ್ಟೆಯಷ್ಟು ಮೆತ್ತಗಾಗಿರುತ್ತದೆ, ಕೊನೆಯ ಎರಡು ಸಾಲಿನ ಕ್ರಮಸಂಖ್ಯೆ ಹೋಗಿರುತ್ತದೆ. ಹೋದ ಸಂಖ್ಯೆಯನ್ನು ಟಿಸಿ (ವರ್ಗಾವಣೆ ಪತ್ರ) ಪುಸ್ತಕದಲ್ಲಿ ಶಾಲೆಯಲ್ಲೇ ಉಳಿಯುವ ಅರ್ಧಚೀಟಿ ಇದ್ದರೆ ಅದರಿಂದ ತುಂಬಿಸಬಹುದು.

ಒಂದು ಸಾಲಿನಲ್ಲಿ ಸಾಮಾನ್ಯವಾಗಿ ಸಿಗುವುದು: ಹುಡುಗನ ಹೆಸರು, ತಂದೆಯ ಹೆಸರು, ಊರು, ಜಾತಿ, ಜನ್ಮದಿನ, ತಂದೆಯ ಉದ್ಯೋಗ, ಹಿಂದಿನ ಶಾಲೆ, ಸೇರಿದ ತರಗತಿ, ಬಿಟ್ಟ ದಿನ, ಬಿಟ್ಟ ಕಾರಣ. ಕೊನೆಯ ಅಂಕಣವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಶಾಲೆಯ ನಿಜವಾದ ಕಥೆ ಇರುವುದು ಅಲ್ಲೇ. 1914ರಿಂದ 18, 1939ರಿಂದ 45ರ ನಡುವಿನ ಪುಟಗಳಲ್ಲಿ ನಡುವರ್ಷದಲ್ಲಿ ಬಿಟ್ಟವರನ್ನು ಎಣಿಸಿ, ಪಟ್ಟಾಳಕ್ಕೆ (ಸೈನ್ಯಕ್ಕೆ) ಹೋದವರು ಎಷ್ಟು, ದುಡ್ಡಿಲ್ಲದೆ ಬಿಟ್ಟವರು ಎಷ್ಟು ಎಂದು ನೋಡಿ. 1918ರ ಇನ್‌ಫ್ಲುಯೆಂಜಾದ ಗುರುತು ಬೇಕಾದರೆ ಆ ವರ್ಷದ ಕೊನೆಯ ತಿಂಗಳುಗಳನ್ನು ತಿರುವಿ.

ತರಗತಿಯ ಅಂಕಣದಲ್ಲಿ ‘ಫಾರಂ’ ಎಂದು ಬರುತ್ತದೆ. ಮದ್ರಾಸ್ ಪದ್ಧತಿಯಲ್ಲಿ ಒಂದನೇ ಫಾರಂ ಎಂದರೆ ಆರನೇ ತರಗತಿ, ಆರನೇ ಫಾರಂ ಎಂದರೆ ಹನ್ನೊಂದನೆಯದು. ನಾಲ್ಕು, ಐದು, ಆರನೇ ಫಾರಂ ಹೈಸ್ಕೂಲು. ‘ನಾಲ್ಕನೇ ಫಾರಂಗೆ ಸೇರಿದ’ ಎನ್ನುವುದನ್ನು ನಾಲ್ಕನೇ ಕ್ಲಾಸು ಎಂದುಕೊಂಡರೆ ಹುಡುಗನ ವಯಸ್ಸಿನ ಲೆಕ್ಕವೇ ತಪ್ಪುತ್ತದೆ. ಫೀ ಪುಸ್ತಕ ಅದೃಷ್ಟಕ್ಕೆ ಸಿಕ್ಕರೆ 3-8-0 ಎಂಬ ಬರಹ ಮೂರು ರೂಪಾಯಿ ಎಂಟಾಣೆ, ಅಂದರೆ ಮೂರೂವರೆ ರೂಪಾಯಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಎಕ್ಸೆಲ್‌ನಲ್ಲಿ ಇವನ್ನು 3.80 ಎಂದು ತುಂಬಿಸಿ ಒಟ್ಟು ಹಾಕಿದರೆ ಇಡೀ ಲೆಕ್ಕ ಕೆಟ್ಟಿತು ಎಂದೇ ಅರ್ಥ.

ತಂದೆಯ ಉದ್ಯೋಗದಲ್ಲಿ ಒಂದು ಹಳ್ಳವಿದೆ. ‘ಸುಬೇದಾರ’ ಎಂದಿದ್ದರೆ ಕೊಡಗಿನವರು ತಕ್ಷಣ ಸೈನ್ಯ ಎನ್ನುತ್ತಾರೆ. ಆದರೆ ಇಂಗ್ಲಿಷರ ಕಾಲದ ಕೊಡಗಿನಲ್ಲಿ ತಾಲ್ಲೂಕಿನ ಅಧಿಕಾರಿಯೂ ಸುಬೇದಾರನೇ, ಬೇರೆ ಕಡೆ ತಹಶೀಲ್ದಾರ ಇದ್ದಂತೆ. ತಾಲ್ಲೂಕಿನೊಳಗಿನ ಹೋಬಳಿಯಂಥ ಭಾಗಕ್ಕೆ ಇಲ್ಲಿ ನಾಡು ಎನ್ನುತ್ತಾರೆ, ಆ ನಾಡಿನ ಮಟ್ಟಕ್ಕೆ ಪಾರುಪತ್ಯಗಾರ. ಅದನ್ನು ದೇವಸ್ಥಾನದ ಪಾರುಪತ್ಯಗಾರ ಎಂದುಕೊಳ್ಳಬಾರದು. ಊರಿನ ಹೆಸರುಗಳೂ ಹಾಗೆಯೇ: ಮರ್ಕೆರಾ ಮಡಿಕೇರಿ, ಫ್ರೇಸರ್‌ಪೇಟೆ ಕುಶಾಲನಗರ, ವೀರರಾಜೇಂದ್ರಪೇಟೆ ವಿರಾಜಪೇಟೆ.

ಹೆಸರಿನ ತಲೆನೋವು ಬೇರೆಯದೇ. ಕೊಡವರಲ್ಲಿ ಮೊದಲು ಮನೆಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಎಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ. ಇವರು ಓದಿದ್ದು ಇದೇ ಸೆಂಟ್ರಲ್ ಹೈಸ್ಕೂಲಿನಲ್ಲಿ, 1917ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ರಿಜಿಸ್ಟರಿನಲ್ಲಿ ಬರೀ ‘ಕೆ.’ ಎಂದಿದ್ದರೆ ಕೊಡಂದೇರವೇ ಇರಬೇಕೆಂದಿಲ್ಲ, ಕ-ಕಾರದಿಂದ ಶುರುವಾಗುವ ಒಕ್ಕಗಳು (ಕೊಡವ ಮನೆತನಗಳು) ಎಷ್ಟೋ ಇವೆ. ಊರು, ತಂದೆಯ ಹೆಸರು ಎರಡೂ ತಾಳೆಯಾದರೆ ಮಾತ್ರ ಅವರೇ ಇವರು ಎನ್ನಿ. ಕಾರ್ಯಪ್ಪ, ಕಾರಿಯಪ್ಪ, ಕರಿಯಪ್ಪ ಮೂರೂ ಒಂದೇ ಹೆಸರಿನ ಬರಹವಾಗಿರಬಹುದು, ಗುಮಾಸ್ತರ ಕಿವಿಗೆ ಬಿದ್ದಂತೆ. ಹುಡುಕುವಾಗ ಮೂರನ್ನೂ ಹುಡುಕಿ, ನಕಲು ಮಾಡುವಾಗ ಇದ್ದದ್ದನ್ನು ಇದ್ದಂತೆ ಬರೆಯಿರಿ.

ಜನ್ಮದಿನವನ್ನು ನಂಬಬೇಡಿ. ವಯಸ್ಸಿಗೆ ಸರಿಹೊಂದಲಿ ಎಂದು ಮೇಷ್ಟ್ರೇ ಅಂದಾಜಿನಲ್ಲಿ ಬರೆದದ್ದು ಹೆಚ್ಚು. ಒಂದೇ ವರ್ಷ ಸೇರಿದವರಲ್ಲಿ ಜೂನ್ ಮೊದಲ ವಾರ ಹುಟ್ಟಿದವರೇ ತುಂಬಿದ್ದರೆ ಗುಟ್ಟು ಅದೇ. ಕಾರ್ಯಪ್ಪನವರ ಹುಟ್ಟಿದ ವರ್ಷವೇ ಕೆಲವೆಡೆ 1899, ಕೆಲವೆಡೆ 1900 ಎಂದಿದೆ. ಇನ್ನು ಊರಿನ ಹೆಮ್ಮೆಯನ್ನೆಲ್ಲ ಶಾಲೆಯ ಹೆಮ್ಮೆ ಮಾಡುವ ಚಟ. ಜನರಲ್ ತಿಮ್ಮಯ್ಯ ಹುಟ್ಟಿದ್ದು ಮಡಿಕೇರಿಯಲ್ಲಿ, ನಿಜ. ಓದಿದ್ದು ಕೂನೂರಿನಲ್ಲಿ, ಬೆಂಗಳೂರಿನಲ್ಲಿ. ದಾಖಲಾತಿ ಸಂಖ್ಯೆ ಸಿಗದ ಯಾವ ದೊಡ್ಡವರ ಹೆಸರನ್ನೂ ಪಟ್ಟಿಗೆ ಸೇರಿಸಬಾರದು. ಮೇಷ್ಟ್ರುಗಳ ವಿಷಯದಲ್ಲಿ ನಾವು ಇದಕ್ಕೆ ಉಲ್ಟಾ, ಇದ್ದವರನ್ನೇ ಮರೆಯುತ್ತೇವೆ. ಪಂಜೆ ಮಂಗೇಶರಾಯರು (1874–1937) ಇಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಕೊಡಗಿನ ಮೇಲೆ ಅವರು ಕಟ್ಟಿದ ಹುತ್ತರಿ ಹಾಡು ಎಲ್ಲರ ಬಾಯಲ್ಲಿದೆ, ಹಾಡು ಕಟ್ಟಿದವರು ಮಡಿಕೇರಿ ಶಾಲೆಯ ಹೆಡ್‌ಮಾಸ್ಟರ್ ಎಂಬುದು ಎಷ್ಟೋ ಸಂಚಿಕೆಗಳಲ್ಲಿ ಒಂದು ಸಾಲೂ ಇರುವುದಿಲ್ಲ.

ಇಡೀ ರಿಜಿಸ್ಟರನ್ನು ಎಕ್ಸೆಲ್‌ಗೆ ಏರಿಸುತ್ತೇವೆ ಎಂದು ಹೊರಟವರು ಅರ್ಧಕ್ಕೆ ಕೈಬಿಡುತ್ತಾರೆ. 1911, 1921, 1931, 1941, 1951 — ಈ ಐದು ವರ್ಷ ಸೇರಿದವರನ್ನು ಮಾತ್ರ ಪೂರ್ತಿ ತುಂಬಿಸಿ. ಇವು ಜನಗಣತಿಯ ವರ್ಷಗಳು, ಕೊಡಗಿನ ಒಟ್ಟು ಜನಸಂಖ್ಯೆಯ ಪಕ್ಕ ಇಟ್ಟು ನೋಡಬಹುದು. ಯಾವ ನಾಡಿನಿಂದ ಎಷ್ಟು ಮಂದಿ, ಹೆಣ್ಣುಮಕ್ಕಳ ಹೆಸರು ಯಾವಾಗ ಕಾಣತೊಡಗಿತು, ತೋಟದ ಲೈನ್ ಮನೆಗಳ (ಕೂಲಿ ಕೆಲಸಗಾರರ ಸಾಲುಮನೆಗಳ) ಮಕ್ಕಳು ಬಂದರೇ ಇಲ್ಲವೇ. ಸ್ಮರಣ ಸಂಚಿಕೆ ಹೇಳದ ಚರಿತ್ರೆ ಈ ಮೂರು ಪ್ರಶ್ನೆಯಲ್ಲೇ ಹೊರಬೀಳುತ್ತದೆ.

ಕಟ್ಟಡದ ವಯಸ್ಸಿಗೆ ಹೆಂಚು ನೋಡಿ ತೀರ್ಪು ಕೊಡುವವರಿದ್ದಾರೆ. ಹೆಂಚಿನ ಬೆನ್ನಮೇಲೆ 1865 ಎಂದು ಒತ್ತಿರುತ್ತದೆ. ಅದು ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಆ ಹೆಂಚು ಸುಟ್ಟ ವರ್ಷವಲ್ಲ. ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೆಸರಿದ್ದರಂತೂ ಅದು ಮೊದಲ ಮಹಾಯುದ್ಧದ ಆಮೇಲಿನದು, ಕಾರ್ಖಾನೆ ಟ್ರಸ್ಟಿನ ಕೈಗೆ ಹೋದದ್ದೇ ಆಗ. ಮೇಲಾಗಿ ನಮ್ಮ ಗಾಳಿಮಳೆಗೆ ಒಡೆದ ಹೆಂಚು ಬದಲಾಗುತ್ತಲೇ ಇರುತ್ತದೆ. ಗೋಡೆ, ಅಡಿಪಾಯದ ಕಲ್ಲು, ಲೋಕೋಪಯೋಗಿ ಇಲಾಖೆಯ ಹಳೇ ನಕ್ಷೆ ಇವನ್ನು ನಂಬಬಹುದು, ಹೆಂಚನ್ನಲ್ಲ.

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ. ಕಾಗದಕ್ಕೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಗಾಳಿಯ ತೇವ ಶೇ. 65 ದಾಟಿತೆಂದರೆ ಬೂಷ್ಟು ಏಳುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಅದಕ್ಕಿಂತ ಕೆಳಗಿಳಿಯುವುದೇ ಕಷ್ಟ. ಕಬ್ಬಿಣದ ಬೀರುವನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ ಹಿಂಬದಿಯ ತಗಡು ಬೆವರುತ್ತದೆ, ಅದಕ್ಕೆ ತಾಗಿದ ರಿಜಿಸ್ಟರಿನ ಬೆನ್ನು ಮೊದಲು ಕೊಳೆಯುತ್ತದೆ. ಗೋಡೆಯಿಂದ ನಾಲ್ಕು ಇಂಚು ಈಚೆಗೆ ಎಳೆದು, ಕೆಳಗೆ ಆರಿಂಚಿನ ಮರದ ತುಂಡು ಕೊಡಿ. ಒರಲೆ ಬಂದರೂ ಕಣ್ಣಿಗೆ ಕಾಣುತ್ತದೆ. ನುಸಿಗುಳಿಗೆ ಬೂಷ್ಟನ್ನು ತಡೆಯುವುದಿಲ್ಲ, ತಲೆನೋವು ಮಾತ್ರ ಬರಿಸುತ್ತದೆ.

ನೆನೆದ ಪುಸ್ತಕವನ್ನು ಬಿಸಿಲಿಗೆ ಹಾಕಬೇಡಿ, ಕಾಗದ ಸುರುಟಿ ಶಾಯಿ ಮಾಸುತ್ತದೆ. ಒಲೆಯ ಅಟ್ಟ ಇನ್ನೂ ಕೆಟ್ಟದ್ದು. ನೆರಳಲ್ಲಿ, ಫ್ಯಾನ್ ಕೆಳಗೆ, ಹತ್ತು ಪುಟಕ್ಕೊಂದು ಅಚ್ಚಿಲ್ಲದ ಹೀರುಕಾಗದ ಇಟ್ಟು ಆಗಾಗ ಬದಲಿಸಿ. ದಿನಪತ್ರಿಕೆ ಹಾಕಿದರೆ ಅದರ ಮಸಿ ಅಂಟುತ್ತದೆ. ಎರಡು ದಿನದೊಳಗೆ ಒಣಗದಿದ್ದರೆ ಬೂಷ್ಟು ಖಂಡಿತ. ಹಳೇ ಕಂದುಗಪ್ಪು ಶಾಯಿ ನೀರಿಗೆ ಸಾಕಷ್ಟು ತಡೆಯುತ್ತದೆ, ನೇರಳೆ ಬಣ್ಣದ ಶಾಯಿ, ಕಾಪಿಯಿಂಗ್ ಪೆನ್ಸಿಲ್ ಬರಹ ಒಂದು ಹನಿಗೆ ಹರಡುತ್ತದೆ. ಅಂಟಿಕೊಂಡ ಪುಟಗಳನ್ನು ಚಾಕು ತೂರಿಸಿ ಬಿಡಿಸಬಾರದು. ಹರಿದಲ್ಲಿ ಸೆಲ್ಲೋಟೇಪ್ ಬೇಡವೇ ಬೇಡ: ಕೆಲವು ವರ್ಷದಲ್ಲಿ ಟೇಪ್ ಉದುರಿ ಅಂಟು ಕಾಗದದೊಳಗೇ ಉಳಿಯುತ್ತದೆ, ಆ ಹಳದಿ ಪಟ್ಟಿಯಡಿಯ ಅಕ್ಷರ ಮತ್ತೆ ಓದಲು ಬರುವುದಿಲ್ಲ.

ಫೋಟೋ ತೆಗೆಯಲು ಮೊಬೈಲ್ ಸಾಕು. ಫೂಲ್‌ಸ್ಕ್ಯಾಪ್ ಪುಟ ಸುಮಾರು ಹದಿಮೂರೂವರೆ ಇಂಚು ಉದ್ದ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಉದ್ದನೆಯ ಬದಿ 4000 ಪಿಕ್ಸೆಲ್, ಅಂದರೆ ಪುಟ ತುಂಬ ಬಂದರೆ ಇಂಚಿಗೆ ಹತ್ತಿರಹತ್ತಿರ 300. ಪೆನ್ಸಿಲ್ ಗುರುತೂ ಓದಲು ಬರುತ್ತದೆ. ಎರಡು ಪುಟ ಒಟ್ಟಿಗೆ ತೆಗೆದರೆ ಅದು 220ರ ಆಸುಪಾಸಿಗೆ ಇಳಿಯುತ್ತದೆ, ನಡುವಿನ ಹೊಲಿಗೆಯ ಕಡೆ ಅಕ್ಷರ ಬಾಗುತ್ತದೆ. ಹಾಗಾಗಿ ಒಂದೊಂದೇ ಪುಟ. ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ, ಎರಡು ಬದಿಯಿಂದ ಓರೆಯಾಗಿ ಬೆಳಕು ಕೊಡಿ, ಫ್ಲ್ಯಾಷ್ ಬೇಡ. ಕೈಬೆರಳು ಒಣಗಿರಲಿ. ಖಾಲಿ ಪುಟವನ್ನೂ ಬಿಡಬೇಡಿ. ಬಿಟ್ಟರೆ ಪುಟ ಹರಿದುಹೋಗಿತ್ತೋ ಖಾಲಿ ಇತ್ತೋ ಎಂದು ಆಮೇಲೆ ತಿಳಿಯುವುದಿಲ್ಲ. ಪುಟಕ್ಕೆ 4 ಎಂಬಿಯಂತೆ 400 ಪುಟದ ರಿಜಿಸ್ಟರಿಗೆ 1.6 ಜಿಬಿ. ವಾಟ್ಸಾಪ್‌ನಲ್ಲಿ ಕಳಿಸಿಕೊಂಡರೆ ಚಿತ್ರ ಕುಗ್ಗಿ ಹಾಳಾಗುತ್ತದೆ, ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿ. ಫೈಲಿಗೆ ರಿಜಿಸ್ಟರ್, ವರ್ಷ, ಪುಟ ಮೂರೂ ಬರುವ ಹೆಸರು ಅವತ್ತೇ ಕೊಡಿ. ನಾಳೆಗೆಂದರೆ ಅದು ಆಗುವುದಿಲ್ಲ.

ವಾಟ್ಸಾಪ್ ಬೇಡ ಎನ್ನಲು ಇನ್ನೊಂದು ಕಾರಣವೂ ಇದೆ. ರಿಜಿಸ್ಟರಿನಲ್ಲಿ ಜಾತಿ, ಜನ್ಮದಿನ, ‘ಫೀ ಕಟ್ಟದ್ದರಿಂದ ಹೆಸರು ಹೊಡೆಯಲಾಗಿದೆ’ ಎಂಬ ಮಾತು ಎಲ್ಲವೂ ಇರುತ್ತದೆ, ಅವರ ಮಕ್ಕಳು ಇದೇ ಊರಿನಲ್ಲಿದ್ದಾರೆ. ಹಳೇ ವಿದ್ಯಾರ್ಥಿಗಳ ಗುಂಪಿಗೆ ಒಂದು ಪುಟ ಬಿದ್ದರೂ ಮರುದಿನ ಶಾಲೆಯವರು ಬೀರುವಿಗೆ ಬೀಗ ಹಾಕುತ್ತಾರೆ, ಹಾಕಬೇಕಾದದ್ದೇ. ಬರಹದಲ್ಲಿ ಎಣಿಕೆಗಳನ್ನು ಕೊಡಿ. ಹೆಸರು ಹಾಕುವುದಿದ್ದರೆ ಮನೆಯವರನ್ನು ಕೇಳಿ. ಫೋಟೋಗಳ ಪೂರ್ತಿ ಪ್ರತಿ ಒಂದು ಹಾರ್ಡ್ ಡಿಸ್ಕ್‌ನಲ್ಲಿ ಶಾಲೆಗೆ, ಇನ್ನೊಂದು ಮಡಿಕೇರಿಯಿಂದ ದೂರದ ಊರಿನಲ್ಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದನ್ನು ಕಂಡವರಿಗೆ ಎರಡನ್ನೂ ಒಂದೇ ಊರಿನಲ್ಲಿ ಇಡಬಾರದು ಎಂದು ಬಿಡಿಸಿ ಹೇಳಬೇಕಿಲ್ಲ.